ವೀಸಾದ ಕಾಗದ ಓದಿ ಹೇಳುವವರು ಯಾರು?

ಗಲ್ಫ್ ದೇಶಗಳಿಗೆ ದುಡಿಯಲು ಹೋಗುವುದು ನಮ್ಮ ಕರಾವಳಿಯ ಜನರಿಗೆ ಹೊಸದಲ್ಲ. ಭಟ್ಕಳದಿಂದ ಉಳ್ಳಾಲದವರೆಗೆ ಮನೆಗೊಬ್ಬನಲ್ಲದಿದ್ದರೆ ಕೇರಿಗೊಬ್ಬನಾದರೂ ದುಬೈಯಲ್ಲೋ ದಮ್ಮಾಮಿನಲ್ಲೋ ಕುವೈತಿನಲ್ಲೋ ಇದ್ದಾನೆ. ಅವನು ಕಳಿಸಿದ ಹಣದಿಂದ ಎದ್ದ ಮನೆಯನ್ನು ಊರೆಲ್ಲ ನೋಡುತ್ತದೆ. ಹೋಗುವ ಮೊದಲು ಅಡವಿಟ್ಟ ಒಡವೆ, ಮಾರಿದ ಹತ್ತು ಸೆಂಟ್ಸ್ ಜಾಗ, ಬಡ್ಡಿಗೆ ತಂದ ಸಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಇಷ್ಟು ತೆತ್ತು ಪಡೆದ ವೀಸಾ ಎಂಬ ಕಾಗದದಲ್ಲಿ ಏನು ಬರೆದಿದೆಯೆಂಬುದು ಬಹಳ ಸಲ ಅದನ್ನು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತುವವನಿಗೇ ತಿಳಿದಿರುವುದಿಲ್ಲ.

ಅಮೆರಿಕೆಗೆ ಹೋಗುವ ಇಂಜಿನಿಯರನ ವಿಷಯ ಬೇರೆ. ಅಲ್ಲಿಯ ಎಚ್-1ಬಿ ವೀಸಾಕ್ಕೆ ಅರ್ಜಿ ಸಲ್ಲಿಸಬೇಕಾದುದು ಕೆಲಸ ಕೊಡುವ ಕಂಪೆನಿ. ಆ ಅರ್ಜಿಯನ್ನು ಬರೆಯುವ ವಕೀಲನ ಫೀಜನ್ನು ತೆರಬೇಕಾದುದೂ ಕಂಪೆನಿಯೇ. ಅಂಥವನಿಗೂ ಕಷ್ಟಗಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಾನೂನು ಬಲ್ಲವನೊಬ್ಬ ಕಾಗದಗಳನ್ನು ನೋಡಿದ್ದಾನೆಂಬ ಧೈರ್ಯ ಅವನಿಗುಂಟು. ಗಾರೆ ಕೆಲಸದವನ, ಡ್ರೈವರನ, ಮನೆಗೆಲಸದ ಹೆಂಗಸಿನ ಕಾಗದವನ್ನು ನೋಡುವವನು ಯಾರು? ದಲ್ಲಾಳಿ. ಅವನೇ ಅರ್ಜಿ ಬರೆಯುವವನು, ಅವನೇ ಸಲಹೆ ಕೊಡುವವನು, ಹಣ ಎಣಿಸಿಕೊಳ್ಳುವವನೂ ಅವನೇ.

ಕಾಯಿದೆಯಿಲ್ಲದೆ ಹೀಗಾಗುತ್ತಿದೆಯೇ ಎಂದರೆ, ಹಾಗಲ್ಲ. 1983ರ ವಲಸೆ ಕಾಯಿದೆಯಂತೆ ನೋಂದಣಿ ಇಲ್ಲದವನು ಹೊರದೇಶದ ಕೆಲಸಕ್ಕೆ ಆಳುಗಳನ್ನು ಸೇರಿಸುವಂತಿಲ್ಲ. ನೋಂದಣಿ ಆದವನು ಕೂಡ ಸೇವಾ ಶುಲ್ಕವೆಂದು 30,000 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅದರ ಮೇಲೆ ತೆರಿಗೆ ಮಾತ್ರ, ಮತ್ತು ಪಡೆದ ಹಣಕ್ಕೆ ರಸೀತಿ ಕೊಡಲೇಬೇಕು. ನಮ್ಮ ಜಿಲ್ಲೆಯಲ್ಲಿ ವೀಸಾಕ್ಕೆ ಲಕ್ಷ, ಎರಡು ಲಕ್ಷ ಎಣಿಸಿ ಕೊಟ್ಟವರನ್ನು ನಾವು ಬಲ್ಲೆವು. ರಸೀತಿ ತೋರಿಸಿದವನನ್ನು ಇನ್ನೂ ಕಂಡಿಲ್ಲ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ 18 ದೇಶಗಳ ಮಟ್ಟಿಗೆ ವಲಸೆ ಅನುಮತಿ ಬೇಕು; ಗಲ್ಫಿನ ಆರು ದೇಶಗಳೂ ಅದರಲ್ಲಿವೆ. ಈ ಅನುಮತಿಯನ್ನು ಕೊಡುವವನು ವಲಸಿಗರ ಸಂರಕ್ಷಣಾಧಿಕಾರಿ. ದಲ್ಲಾಳಿ ಕಲಿಸುವ ಮೊದಲ ಪಾಠವೆಂದರೆ ಈ ಅಧಿಕಾರಿಯ ಕಣ್ಣು ತಪ್ಪಿಸುವುದು: “ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ.” ಈ ಒಂದು ಮಾತಿಗೆ ಒಪ್ಪಿದವನು ಕಳೆದುಕೊಳ್ಳುವುದೆಷ್ಟೆಂಬುದನ್ನು ವಾಚಕರು ಗಮನಿಸಬೇಕು. ಅನುಮತಿ ಪಡೆದು ಹೋದವನಿಗೆ ಕೆಲವು ನೂರು ರೂಪಾಯಿ ಕಂತಿನ 10 ಲಕ್ಷದ ವಿಮೆಯುಂಟು. ಅವನನ್ನು ಕಳಿಸಿದ ಏಜೆಂಟನ ಬ್ಯಾಂಕ್ ಖಾತರಿ ಸರ್ಕಾರದ ಬಳಿ ಇರುತ್ತದೆ. ನಡುದಾರಿಯಲ್ಲಿ ಕೈಬಿಟ್ಟರೆ ಮರಳಿ ತರುವ ಖರ್ಚನ್ನು ಅದರಿಂದ ಕೀಳಬಹುದು. ವಿಸಿಟ್ ವೀಸಾದವನಿಗೆ ಇದೊಂದೂ ಇಲ್ಲ. ಅವನು ಕೂಲಿಗೆ ಹೋದನೆಂಬುದು ಸರ್ಕಾರದ ಯಾವ ಪುಸ್ತಕದಲ್ಲಿಯೂ ಇಲ್ಲ. ಅಲ್ಲಿ ಪಿಕಾಸಿ ಹಿಡಿದ ದಿನವೇ ಆ ದೇಶದ ಕಾನೂನಿನ ಮುಂದೆ ಅವನು ಅಪರಾಧಿ. ಸಂಬಳ ಕೊಡದಿದ್ದರೆ ದೂರು ಕೊಡಲೂ ಹೆದರಬೇಕು.

ಸಂರಕ್ಷಣಾಧಿಕಾರಿ ಎಂಬ ಈ ಹೆಸರಿಗೆ ಒಂದು ಹಳೆಯ ಕಥೆಯಿದೆ. 1894ರಲ್ಲಿ ಡರ್ಬಾನಿನ ಬಿಳಿಯ ಧನಿಯೊಬ್ಬ ಬಾಲಸುಂದರಂ ಎಂಬ ತಮಿಳು ಗಿರ್ಮಿಟಿ ಕೂಲಿಯನ್ನು ಹಲ್ಲು ಮುರಿಯುವಂತೆ ಹೊಡೆದನು. ಅವನು ರಕ್ತ ಸುರಿಸುತ್ತ ಬಂದು ನಿಂತದ್ದು ಗಾಂಧಿ ಎಂಬ ಎಳೆಯ ಬ್ಯಾರಿಸ್ಟರನ ಎದುರಿಗೆ. ಗಿರ್ಮಿಟಿನ ಆಳು ಧನಿಯನ್ನು ಬಿಟ್ಟು ಹೋದರೆ ಅದು ಕ್ರಿಮಿನಲ್ ಅಪರಾಧವಾಗಿದ್ದ ಕಾಲ ಅದು. ಗಾಂಧಿ ಭಾಷಣ ಮಾಡಲಿಲ್ಲ. ಮೊದಲು ವೈದ್ಯನಿಂದ ಸರ್ಟಿಫಿಕೇಟು ಬರೆಯಿಸಿದರು, ಆಮೇಲೆ ಮ್ಯಾಜಿಸ್ಟ್ರೇಟನಲ್ಲಿಗೆ ಕರೆದೊಯ್ದರು. ಧನಿಗೆ ಶಿಕ್ಷೆಯಾಗಲೆಂಬುದು ಅವರ ಬಯಕೆಯಾಗಿರಲಿಲ್ಲ. ಕಾನೂನಿನಲ್ಲಿದ್ದ ಒಂದು ದಾರಿಯನ್ನು ಹುಡುಕಿ, ಗಿರ್ಮಿಟನ್ನು ಬೇರೆ ಧನಿಗೆ ವರ್ಗ ಮಾಡಿಸಿ, ಆಳನ್ನು ಬಿಡಿಸಿದರು. ಅಂದೂ ಕೂಲಿಗಳಿಗೊಬ್ಬ ಸರ್ಕಾರಿ ಸಂರಕ್ಷಕನಿದ್ದನು. ಬಾಲಸುಂದರಂನ ಕೆಲಸಕ್ಕೆ ಬಂದದ್ದು ಸಂರಕ್ಷಕನಲ್ಲ, ವಕೀಲ.

ಇಂದು ನಮ್ಮಲ್ಲಿ ಆ ದಾರಿಗಳಿಲ್ಲವೇ? ಇವೆ, ಯಾರೂ ಹೇಳುವುದಿಲ್ಲವಷ್ಟೆ. 1983ರ ಕಾಯಿದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂದು ಹೇಳಿ ಮೋಸಹೋದವರನ್ನು ಹಿಂದೆ ಕಳಿಸುವುದುಂಟು. ಅದೇ ಕಾಯಿದೆಯ 27ನೆಯ ಕಲಮಿನ ಕೊನೆಯ ಭಾಗವನ್ನು ಓದಿ ನೋಡಲಿ: ಮೋಸಹೋದವನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಮಗ, ಮಗಳು, ಒಡಹುಟ್ಟಿದವರು ಕೊಟ್ಟರೆ, ಅಂಥ ಅನುಮತಿ ಬೇಕಾಗಿಲ್ಲ. ಮಗ ರಿಯಾದಿನಲ್ಲಿ ಸಿಕ್ಕಿಬಿದ್ದಿದ್ದರೆ ಇಲ್ಲಿ ತಾಯಿ ದೂರು ಕೊಡಬಹುದು. ಈ ಒಂದು ಸಾಲನ್ನು ಆಕೆಗೆ ಓದಿ ಹೇಳಲು ವಕೀಲನೊಬ್ಬ ಬೇಕು.

ಆ ವಕೀಲನನ್ನು ಪುಕ್ಕಟೆಯಾಗಿ ಕೊಡಬೇಕೆಂದೂ ಕಾಯಿದೆಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ವರಮಾನದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದ ಬಡವರು ವರಮಾನದ ಮಿತಿಗೊಳಪಟ್ಟು ಅರ್ಹರು. ಪ್ರತಿ ಜಿಲ್ಲೆಗೂ ಪ್ರಾಧಿಕಾರವಿದೆ, ತಾಲ್ಲೂಕಿಗೆ ಸಮಿತಿಯಿದೆ, 15100 ಎಂಬ ಫೋನ್ ನಂಬರೂ ಇದೆ. ಆದರೆ ಈ ನೆರವು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ನೆನಪಿಗೆ ಬರುತ್ತದೆ. ನಮಗೆ ಬೇಕಾದುದು ಹಣ ಕೊಡುವುದಕ್ಕೆ ಮುಂಚಿನ ನೆರವು. ಅರ್ಧ ಗಂಟೆ ಕುಳಿತು ಕರಾರು ಪತ್ರ ಓದಿ, ಇದು ಕೆಲಸದ ವೀಸಾ ಹೌದೋ ಅಲ್ಲವೋ, ಸಂಬಳವೆಷ್ಟು, ಏಜೆಂಟನ ನೋಂದಣಿ ನಿಜವೋ ಸುಳ್ಳೋ ಎಂದು ನೋಡಿ ಹೇಳಿದರೆ ಒಂದು ಸಂಸಾರ ಉಳಿದೀತು. ಹಾಗೆಯೇ ಮರಳಿ ಬರುವವನಿಗೂ ಹೇಳಬೇಕಾದುದಿದೆ. 2020ರ ಕೋವಿಡ್ ಕಾಲದಲ್ಲಿ ಬಾಕಿ ಸಂಬಳ ಬಿಟ್ಟು ವಿಮಾನ ಹತ್ತಿದವರು ಎಷ್ಟೋ ಮಂದಿ. ಹೊರಡುವ ಮುನ್ನ ಅಲ್ಲಿಯೇ ಒಬ್ಬರಿಗೆ ಮುಖ್ತ್ಯಾರ್ ಪತ್ರ ಬರೆದುಕೊಟ್ಟಿದ್ದರೆ ಅವರ ಪರವಾಗಿ ದಾವೆ ನಡೆಸಬಹುದಿತ್ತು.

ಇನ್ನು ಭಾಷೆಯ ಮಾತು. ಕೆಲಸದ ಕರಾರು ಅರಬ್ಬಿ ಮತ್ತು ಇಂಗ್ಲಿಷಿನ ಜೊತೆಗೆ ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2016ರಲ್ಲಿ ನಿಯಮ ತಂದಿತು. ಆಗ ಒದಗಿಸಿದ ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ತಮಿಳು, ಮಲಯಾಳಗಳಿದ್ದವು. ಕನ್ನಡವಿರಲಿಲ್ಲ. ಅರಬರು ನಮ್ಮನ್ನು ಮರೆತರೆಂದು ದೂರುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದವರು ಬೆಂಗಳೂರಿನಲ್ಲಿ ಕುಳಿತಿದ್ದಾರೆ. ಕೇರಳ ಸರ್ಕಾರವು 1996ರಲ್ಲಿಯೇ ಹೊರನಾಡಿನ ಮಲಯಾಳಿಗಳಿಗಾಗಿ ನೋರ್ಕಾ ಎಂಬ ಇಲಾಖೆ ತೆರೆಯಿತು. ಅದರ ಕೈಕೆಳಗೆ ಗಲ್ಫಿನಲ್ಲಿ ಕಾನೂನು ನೆರವಿನ ಏರ್ಪಾಡನ್ನೂ ಮಾಡಿತು. ನಮ್ಮ ಮಂತ್ರಿಗಳು ದುಬೈಗೆ ಹೋದಾಗ ಭೇಟಿಯಾಗುವುದು ಅಲ್ಲಿಯ ಕನ್ನಡ ಕೋಟ್ಯಧೀಶರನ್ನು. ಅದೇ ಊರಿನ ಸೋನಾಪುರದ ಕೂಲಿ ಶಿಬಿರಗಳ ದಾರಿ ಅವರ ಕಾರ್ಯಕ್ರಮ ಪಟ್ಟಿಯಲ್ಲಿರುವುದಿಲ್ಲ.

1983ರ ಕಾಯಿದೆಗೆ ಬದಲಾಗಿ ಹೊಸದನ್ನು ತರಲು ಕೇಂದ್ರವು 2019ರಲ್ಲಿ, 2021ರಲ್ಲಿ, ಮತ್ತೆ 2025ರಲ್ಲಿ ಕರಡುಗಳನ್ನು ಹೊರಡಿಸಿತು. ಕರಡಿನ ಮೇಲೆ ಜನ ಅಭಿಪ್ರಾಯ ತಿಳಿಸಲಿ ಎಂದಿತು. ಯಾವ ಗಾರೆಯವನು ತಿಳಿಸಿಯಾನು, ಇಂಗ್ಲಿಷಿನಲ್ಲಿ?

ಹೊಸ ಕಾಯಿದೆಗೆ ಕಾಯದೆ ಇಲ್ಲಿಯೇ ಆಗಬಹುದಾದ ಕೆಲಸವೊಂದಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ವಾರಕ್ಕೊಂದು ದಿನ ಪ್ರತಿ ತಾಲ್ಲೂಕು ಕಚೇರಿಯಲ್ಲಿ ವೀಸಾ ಕಾಗದಗಳನ್ನು ಓದಿ ಹೇಳುವ ಒಬ್ಬ ವಕೀಲರನ್ನು ಕೂರಿಸಬೇಕು; ನೋಂದಾಯಿತ ಏಜೆಂಟರ ಪಟ್ಟಿಯನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಈ ಕುರಿತು ಮನವಿಯನ್ನು ಪಕ್ಷದ ಜಿಲ್ಲಾ ಸಮಿತಿಯು ಸಿದ್ಧಪಡಿಸುತ್ತಿದೆ. ಹಣ ಕೊಟ್ಟು ರಸೀತಿ ಸಿಗದವರು, ಒಂದು ಕೆಲಸವೆಂದು ಹೇಳಿ ಇನ್ನೊಂದಕ್ಕೆ ದೂಡಲ್ಪಟ್ಟವರು ತಮ್ಮಲ್ಲಿರುವ ಕಾಗದಗಳ ನಕಲುಗಳನ್ನು ಪಕ್ಷದ ಕಚೇರಿಗೆ ತಂದುಕೊಡಬೇಕು. ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ನಮ್ಮ ಕೈಗೂ.