ಚಿತ್ರಪಟದ ತುಪಾಕಿ

ನಮ್ಮ ಚಿತ್ರಪಟಗಳಲ್ಲಿ ಈಚೆಗೆ ಒಂದು ಹೊಸ ದೇವತೆಯ ಪ್ರತಿಷ್ಠಾಪನೆಯಾಗಿದೆ. ಆ ದೇವತೆಗೆ ಗುಡಿಯಿಲ್ಲ, ಪೂಜಾರಿಯಿಲ್ಲ. ಭಕ್ತಸಮೂಹ ಮಾತ್ರ ಅಪಾರ. ಅದರ ಹೆಸರು ಬಂದೂಕು. 2022ನೆಯ ಇಸವಿಯಲ್ಲಿ ತೆರೆಕಂಡು ದೇಶವಿದೇಶಗಳಲ್ಲಿ ಓಡಿದ 'ಕೆ.ಜಿ.ಎಫ್.' ಚಿತ್ರದ ಎರಡನೆಯ ಭಾಗದಲ್ಲಿ ಒಂದು ಯಂತ್ರಬಂದೂಕಿಗೆ 'ದೊಡ್ಡಮ್ಮ' ಎಂದೇ ನಾಮಕರಣವಾಗಿರುವದು. ನಾಯಕನು ಅದನ್ನು ಪೋಲೀಸ ಠಾಣೆಯ ಮೇಲೆ ತಿರುಗಿಸುತ್ತಾನೆ, ಗಾಡಿಗಳು ನುಚ್ಚುನೂರಾಗುತ್ತವೆ, ಕಡೆಗೆ ಕೆಂಪಗೆ ಕಾದ ನಳಿಗೆಗೆ ಸಿಗರೇಟನ್ನು ತಗುಲಿಸಿ ಹೊತ್ತಿಸಿಕೊಳ್ಳುತ್ತಾನೆ. ಪ್ರೇಕ್ಷಕರು ಸಿಳ್ಳು ಹಾಕುತ್ತಾರೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ತಾಯಿಯ ಅಕ್ಕನನ್ನು ದೊಡ್ಡವ್ವನೆಂದು ಕರೆಯುವ ವಾಡಿಕೆಯುಂಟು. ಹಸಿದ ಮಗುವಿಗೆ ತಾಯಿಗಿಂತ ಮೊದಲು ಬುತ್ತಿ ಬಿಚ್ಚುವವಳ ಹೆಸರನ್ನು ಕೊಲ್ಲುವ ಯಂತ್ರಕ್ಕೆ ಕೊಟ್ಟಾಗ ನಮ್ಮಲ್ಲಿ ಯಾರಿಗೂ ಬಾಯಿ ಕಹಿಯಾಗಲಿಲ್ಲವೆಂಬುದೇ ಸೋಜಿಗ.

ಇದನ್ನು ಓದಿ ವಾಚಕರು, ಇವರು ಚಿತ್ರಪಟವನ್ನೇ ಒಲ್ಲದ ಮಡಿವಂತರೆಂದು ಭಾವಿಸಬಾರದು. ಬಂದೂಕನ್ನು ತೋರಿಸಬಾರದೆಂದು ನಾವು ಹೇಳುವದಿಲ್ಲ. ತೋರಿಸುವದಾದರೆ ಬಂದೂಕನ್ನೇ ತೋರಿಸಿರಿ ಎಂಬುದಷ್ಟೇ ನಮ್ಮ ವಾದ. ಈಗ ತೆರೆಯ ಮೇಲೆ ಮೆರೆಯುತ್ತಿರುವದು ಬಂದೂಕಲ್ಲ. ತೂಕವಿಲ್ಲದ, ಬಿಸಿಯಾದರೂ ಕೆಡದ, ಮದ್ದು ತೀರದ, ಹೊತ್ತವನನ್ನು ದಣಿಸದ ಒಂದು ಮಾಯಾದಂಡ. ನಿಜವಾದ ಯಂತ್ರಬಂದೂಕು ನಿಮಿಷಕ್ಕೆ ನಾಲ್ಕುನೂರರಿಂದ ಆರುನೂರು ಗುಂಡು ಹಾರಿಸಬಲ್ಲದು. ಒಂದೊಂದು ತೋಟಾ ಸುಮಾರು 25 ಗ್ರಾಂ ತೂಗಿದರೂ 500 ತೋಟಾಗಳಿಗೆ ಹನ್ನೆರಡು ಕಿಲೋ ಮಿಕ್ಕಿತು. ಒಂದು ನಿಮಿಷದ ಆರ್ಭಟಕ್ಕೆ ಅಷ್ಟು ಭಾರವನ್ನು ಯಾರೋ ಹೊತ್ತು ತಂದಿರಬೇಕು. ನಳಿಗೆ ಕೆಂಪಗೆ ಕಾಯ್ದರೆ ಅದು ಶೌರ್ಯದ ಲಕ್ಷಣವಲ್ಲ, ಆಯುಧವು ಕೆಡುತ್ತಿರುವ ಲಕ್ಷಣ. ಗುರಿ ತಪ್ಪುವದು, ಕುದುರೆ ಒತ್ತದೆಯೇ ತೋಟಾ ಸಿಡಿಯುವದೂ ಉಂಟು. ಆದಕಾರಣವೇ ಸೈನ್ಯದಲ್ಲಿ ಅಳೆದು ಅಳೆದು ಹಾರಿಸುವದನ್ನೂ ನಳಿಗೆ ಬದಲಿಸುವದನ್ನೂ ಕಲಿಸುತ್ತಾರೆ. ನಮ್ಮ ತಾಲೂಕುಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರಿಗೆ ಕೊರತೆಯಿಲ್ಲ. ಅವರನ್ನು ಕೇಳಿರಿ: ಚಾಂದಮಾರಿಯಲ್ಲಿ ಹಾರಿಸಿದ ಗುಂಡಿನ ಬರಿದಾದ ಚಿಪ್ಪನ್ನೂ ಎಣಿಸಿ ಒಪ್ಪಿಸಬೇಕಾಗಿದ್ದ ಶಿಸ್ತನ್ನು ಅವರು ಹೇಳುವರು. ಆ ಶಿಸ್ತಿಗೂ ತೆರೆಯ ಮೇಲಿನ ಈ ಸ್ವೇಚ್ಛಾಚಾರಕ್ಕೂ ಏನು ಸಂಬಂಧ?

ಕಳ್ಳಸಾಗಣೆಗಾರನ ಕಟ್ಟುಕಥೆಯಲ್ಲಿ ಇದನ್ನು ಹೇಗೋ ಸೈರಿಸಬಹುದು. ಆದರೆ ನಮ್ಮ ಜಿಲ್ಲೆಯ ನಿಜವಾದ ಯುದ್ಧಗಳನ್ನು ತೆರೆಗೆ ತರುವಾಗಲೂ ಇದೇ ಅಭ್ಯಾಸದ ಕಣ್ಣಿನಿಂದ ನಾವು ನೋಡತೊಡಗಿದರೆ ನಷ್ಟವು ಸಣ್ಣದಲ್ಲ. ಕಿತ್ತೂರಿನ ಕಥೆಯು ಎರಡು ಸಲ ದೊಡ್ಡ ಪ್ರಮಾಣದಲ್ಲಿ ಚಿತ್ರವಾಯಿತು: 1961ರಲ್ಲಿ ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ', 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ಎರಡನ್ನೂ ಜನರು ಅಭಿಮಾನದಿಂದ ನೋಡಿದರು, ನೋಡಬೇಕಾದದ್ದೇ. ಆದರೆ ನೋಡಿ ಬಂದವರ ಮನಸ್ಸಿನಲ್ಲಿ ಉಳಿದ ಆಯುಧ ಯಾವುದು? ಖಡ್ಗ. ಭಿತ್ತಿಪತ್ರದಲ್ಲಿ ಖಡ್ಗ, ಊರ ಸರ್ಕಲ್ಲಿನ ಪ್ರತಿಮೆಯಲ್ಲಿ ಖಡ್ಗ, ಶಾಲೆಯ ಸ್ನೇಹಸಮ್ಮೇಲನದಲ್ಲಿ ರಟ್ಟಿನ ಖಡ್ಗ. ತುಪಾಕಿಯೆಂಬುದು ಕಂಪನಿಯವರದು, ಖಡ್ಗವೆಂಬುದು ನಮ್ಮದು ಎಂಬ ಸುಳ್ಳು ಭಾಗಾಕಾರವು ಹೀಗೆ ಬೇರೂರಿತು. 1824ರ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಬಿದ್ದದ್ದು ಖಡ್ಗದಿಂದಲ್ಲ. ಅಮಟೂರ ಬಾಳಪ್ಪನ ಗುಂಡಿನಿಂದ. ನಮ್ಮವರಿಗೆ ತುಪಾಕಿಯ ಮರ್ಮವು ಗೊತ್ತಿತ್ತು, ಗುರಿಯೂ ಇತ್ತು. ಅದನ್ನು ಮರೆತು ಅವರನ್ನು ಬರೀ ಖಡ್ಗಧಾರಿಗಳನ್ನಾಗಿ ಮಾಡುವದು ಗೌರವವಲ್ಲ, ಅನ್ಯಾಯ.

ಆಗಿನ ತುಪಾಕಿಯೆಂದರೆ ಏನೆಂಬುದನ್ನು ಕೊಂಚ ವಿವರವಾಗಿ ನೋಡೋಣ. ಕಂಪನಿಯ ಸಿಪಾಯಿಯ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ತುಪಾಕಿ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಪಕ್ಕದ ಬಟ್ಟಲಿಗೆ ಸುರಿದು, ಉಳಿದದ್ದನ್ನು ಗುಂಡಿನೊಡನೆ ನಳಿಗೆಯ ಬಾಯಿಂದ ಇಳಿಸಿ, ಕಬ್ಬಿಣದ ಸಲಾಕೆಯಿಂದ ಜಡಿದು, ಆಮೇಲೆ ಎತ್ತಿ ಹಾರಿಸಬೇಕು. ನುರಿತವನಿಗೂ ನಿಮಿಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಆಗದು. ನೂರು ಗಜದ ಆಚೆಗೆ ಗುರಿಯ ಭರವಸೆಯಿಲ್ಲ. ಮಳೆ ಹನಿದರೆ ಬಟ್ಟಲಿನ ಮದ್ದು ನೆನೆದು ಕಿಡಿ ವ್ಯರ್ಥವಾಗುವದು. ನಾಡಿಗರ ಕೈಯಲ್ಲಿ ಹೆಚ್ಚಾಗಿ ಇದ್ದ ಜಾಮಗಿ ಬಂದೂಕಂತೂ ಉರಿಯುವ ಬತ್ತಿಯನ್ನು ಕಾಯ್ದುಕೊಂಡೇ ಇರಬೇಕಾದದ್ದು. ನಾಲ್ಕು ಸುತ್ತು ಹಾರುವಷ್ಟರಲ್ಲಿ ಕರಿಮದ್ದಿನ ಹೊಗೆ ರಣರಂಗವನ್ನೆಲ್ಲ ಮುಸುಕುವದು. ಹೊಗೆಯಿಲ್ಲದ ಮದ್ದು ಹುಟ್ಟಿದ್ದು 1884ರ ತರುವಾಯದ ಮಾತು.

ಈ ನಿಧಾನವನ್ನೂ ಈ ಹೊಗೆಯನ್ನೂ ತಿಳಿಯದವನಿಗೆ ಆ ಯುದ್ಧವು ತಿಳಿಯದು. ಒಂದು ಸುತ್ತಿಗೂ ಮತ್ತೊಂದಕ್ಕೂ ನಡುವಿನ ಇಪ್ಪತ್ತು ಮೂವತ್ತು ಕ್ಷಣಗಳೇ ಕುದುರೆ ಸವಾರನಿಗೂ ಖಡ್ಗಧಾರಿಗೂ ದೊರೆಯುತ್ತಿದ್ದ ಅವಕಾಶ. ಆ ಹೊತ್ತಿನಲ್ಲಿ ಬಯಲಿನ ಮೇಲೆ ಓಡುವದೇ ಸಾಹಸ. ಸಾಲುಗಟ್ಟಿ ಸರದಿಯ ಮೇಲೆ ಹಾರಿಸುವ ಕವಾಯತೇ ಕಂಪನಿಯ ಬಲ. ಡಿಸೆಂಬರದಲ್ಲಿ ಅವರು ತೋಫುಗಳನ್ನು ತಂದು ಕೋಟೆಯನ್ನು ಮುತ್ತಿ ಕಿತ್ತೂರನ್ನು ಕೆಡವಿದರು. ಮದ್ದಿನಲ್ಲಿ ಸಗಣಿ, ನವಣೆ ಬೆರೆಸಿ ದ್ರೋಹ ಬಗೆದರೆಂದು ಜನಪದವು ಇಂದಿಗೂ ಹೇಳುತ್ತಿರುವದು. ಮದ್ದು ಎಂದೂ ತೀರದ, ಎಂದೂ ಕೆಡದ ತುಪಾಕಿಗಳನ್ನೇ ನೋಡಿ ಬೆಳೆದ ಹುಡುಗನಿಗೆ ಈ ಮಾತಿನ ಉರಿ ಹೇಗೆ ತಟ್ಟೀತು? ತರುವಾಯ ಸಂಗೊಳ್ಳಿ ರಾಯಣ್ಣನು ಬಯಲಿನ ಕಾಳಗವನ್ನು ಬಿಟ್ಟು ಕಾಡನ್ನೂ ಇರುಳನ್ನೂ ಆರಿಸಿಕೊಂಡು, 1830ರಲ್ಲಿ ಬೀಡಿಯ ಕಚೇರಿಯನ್ನು ಸುಟ್ಟನು. ಕತ್ತಲೆಯಲ್ಲಿ ಕವಾಯತು ನಡೆಯದು, ದೂರದ ಗುರಿ ಸಿಕ್ಕದು. ಅವನ ಯುಕ್ತಿಯ ಹಿರಿಮೆಯು ಎದುರಾಳಿಯ ತುಪಾಕಿಯ ಮಿತಿಯನ್ನು ಅರಿತಾಗಲೇ ಬೆಳಗುವದು. ತೆರೆಯ ಮೇಲೆ ಆ ಮಿತಿಯನ್ನು ಅಳಿಸಿಬಿಟ್ಟರೆ ಉಳಿಯುವದು ಬರೀ ಕೂಗಾಟ.

ಇನ್ನು ಮೂಡಲಗಿಯ ನೆರೆಯ ಮುಧೋಳ ಸೀಮೆಗೆ ಬರೋಣ. 1857ರಲ್ಲಿ ನಿಃಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದು ಜನರ ಹತಾರಗಳನ್ನು ಕಸಿಯಹೋದಾಗ ಹಲಗಲಿಯ ಬೇಡರು ಕೊಡೆವೆಂದರು. ಬೇಟೆಯೂ ಕಾವಲೂ ಅವರ ಬಾಳುವೆ. ಹತಾರವಿಲ್ಲದ ಬೇಡನು ನೇಗಿಲಿಲ್ಲದ ಒಕ್ಕಲಿಗನಂತೆ. ನವೆಂಬರದ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಕಟ್ಟಿದ ಕವಿಯು ಶಾಲೆಯ ಪದವೀಧರನಲ್ಲ, ಕೋಟಿ ರೂಪಾಯಿ ಸುರಿಯುವ ಧಣಿಯೂ ಅವನ ಬೆನ್ನಿಗಿರಲಿಲ್ಲ. ಆದರೂ ಕಥೆಯ ಮೂಲವು ಹತಾರದ ಹುಕುಮಿನಲ್ಲಿದೆಯೆಂದು ಅವನಿಗೆ ತಿಳಿದಿತ್ತು. ಅಲ್ಲಿಂದಲೇ ಹಾಡನ್ನು ಎತ್ತಿಕೊಂಡನು. ಮುಂದೆ 1878ರ ಕಾಯಿದೆಯು ಇಡೀ ದೇಶದ ಪ್ರಜೆಯನ್ನು ಪರವಾನಗಿಗಾಗಿ ಕೈಯೊಡ್ಡುವಂತೆ ಮಾಡಿತು. ಕೊಡವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆಯುಧದ ಹಿಂದೆ ಇರುವ ಈ ಅಪಮಾನದ ಕಥೆಯನ್ನು ಬಿಟ್ಟು, ಅದರ ಸಿಡಿಲಬ್ಬರವನ್ನಷ್ಟೇ ಮಾರುವವರಿಗೆ ಆ ಲಾವಣಿಕಾರನ ಎದುರು ನಿಲ್ಲುವ ಮೋರೆಯುಂಟೆ?

"ಕಲೆಗೆ ಇಷ್ಟೊಂದು ಲೆಕ್ಕಾಚಾರವೇಕೆ? ಕವಿಗೆ ನಿರಂಕುಶತ್ವವಿಲ್ಲವೆ?" ಎಂದು ಕೆಲವರು ಕೇಳಬಹುದು. ಉಂಟು. ರಾಯಣ್ಣನ ಮನಸ್ಸಿನಲ್ಲಿ ಏನಿತ್ತು, ಚೆನ್ನಮ್ಮನು ಸೆರೆಯಲ್ಲಿ ಏನು ನೆನೆದಳು ಎಂಬುದನ್ನು ಕಲ್ಪಿಸುವ ಅಧಿಕಾರವು ಕಲೆಗಾರನದೇ. ಆದರೆ ಹೊಳೆಯನ್ನು ದಾಟುವ ಕಥೆಯಲ್ಲಿ ನೀರಿಗೆ ಆಳವೇ ಇಲ್ಲವೆಂದರೆ ದಾಟಿದವನ ಸಾಹಸವೆಲ್ಲಿ ಉಳಿಯಿತು? ನಿಯಮವನ್ನು ಕಿತ್ತೊಗೆದ ನಾಯಕನಿಗೆ ಅಪಾಯವಿಲ್ಲ. ಅಪಾಯವಿಲ್ಲದವನಲ್ಲಿ ಧೈರ್ಯವೂ ಇಲ್ಲ. ಎಲ್ಲ ಚಿತ್ರಗಾರರೂ ಹೀಗೆಯೇ ಎಂದು ನಾವು ಹೇಳುವದಿಲ್ಲ. 1990ರಲ್ಲಿ ಬಂದ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ'ವು ಕೊಡಗಿನ ಯೋಧನೊಬ್ಬನ ಕಥೆ. ಯುದ್ಧವು ಒಂದು ಮನೆತನದಿಂದ ಏನನ್ನು ಕಸಿಯುವದೆಂಬುದರ ಕಡೆಗೆ ಅದರ ದೃಷ್ಟಿಯಿತ್ತು. ಅದನ್ನು ನೋಡಿ ಬಂದವರು ಬಂದೂಕಿನ ಮಾತಾಡಲಿಲ್ಲ, ಆ ಮನೆಯ ದುಃಖದ ಮಾತಾಡಿದರು.

"ಜನರಿಗೆ ಬೇಕಾದದ್ದನ್ನು ಕೊಡುತ್ತೇವೆ" ಎಂಬುದು ಎರಡನೆಯ ನೆವ. ಜನರ ನಾಲಗೆಯನ್ನು ಮೊದಲು ಕೆಡಿಸಿ, ಆಮೇಲೆ ಅದೇ ನಾಲಗೆಯ ಸಾಕ್ಷ್ಯವನ್ನು ತರುವದು ವ್ಯಾಪಾರಿಯ ನ್ಯಾಯ. ಬೈಲಾಟವನ್ನೂ ಗೀಗೀ ಪದವನ್ನೂ ರಾತ್ರಿಯೆಲ್ಲ ಕುಳಿತು ಕೇಳಿದ ಜನ ನಮ್ಮವರು. ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ ಸುದ್ದಿಯನ್ನು ಯಾವ ಸಿಡಿಮದ್ದಿನ ಸಹಾಯವೂ ಇಲ್ಲದೆ ತಲೆತಲಾಂತರಕ್ಕೆ ದಾಟಿಸಿದವರು ಅವರು. ಅವರಿಗೆ ನಿಜವು ರುಚಿಸದೆಂಬವನು ಅವರನ್ನು ಅರಿತವನಲ್ಲ.

ನಮ್ಮ ಬೇಡಿಕೆಯು ಇಷ್ಟೇ. ಕಿತ್ತೂರನ್ನಾಗಲಿ ಹಲಗಲಿಯನ್ನಾಗಲಿ ಮುಂದೆ ತೆರೆಗೆ ತರುವವರು ಯಾರೇ ಇರಲಿ, ಸಾಹಸದ ನಿರ್ದೇಶಕನನ್ನು ಗೊತ್ತುಮಾಡುವ ಮೊದಲು ಇತಿಹಾಸವನ್ನು ಬಲ್ಲವನೊಬ್ಬನನ್ನೂ ತುಪಾಕಿಯ ಕೆಲಸವನ್ನು ಬಲ್ಲವನೊಬ್ಬನನ್ನೂ ಕರೆಯಲಿ. 1824ರ ಚಕಮಕಿಯ ತುಪಾಕಿಗೂ, 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬಿನ ತೋಟಾದ ಎನ್‌ಫೀಲ್ಡಿಗೂ ಇರುವ ಅಂತರವನ್ನು ಅರಿಯಲಿ. ನಮ್ಮ ಸಂಘವೂ ಕೈಕಟ್ಟಿ ಕೂಡಬಾರದು. ಲಾವಣಿಕಾರರನ್ನೂ ನಿವೃತ್ತ ಯೋಧರನ್ನೂ ಒಂದೇ ವೇದಿಕೆಗೆ ಕರೆದು ವಿದ್ಯಾರ್ಥಿಗಳ ಮುಂದೆ ಮಾತಾಡಿಸಲಿ. ಮನೆಯ ಹಿರಿಯರು, ಚಿತ್ರ ನೋಡಿ ಬಂದ ಹುಡುಗನು ತೋಳನ್ನು ಚಾಚಿ 'ಢಂ' ಎಂದಾಗ ಗದರಿಸದೆ, "ಅದನ್ನು ಹೊತ್ತವರಾರು, ಮದ್ದು ಎಲ್ಲಿಂದ ಬಂತು, ಗುಂಡು ತಗಲಿದವನ ಮನೆಯಲ್ಲಿ ಯಾರಿದ್ದರು?" ಎಂದು ಮೂರು ಪ್ರಶ್ನೆ ಕೇಳಲಿ. ಹಲಗಲಿಯವರು ಹತಾರಕ್ಕಾಗಿ ಪ್ರಾಣ ಕೊಟ್ಟದ್ದು ಅದನ್ನು ಪೂಜಿಸಲಿಕ್ಕಲ್ಲ, ತಲೆಯೆತ್ತಿ ಬಾಳಲಿಕ್ಕೆ. ಇಷ್ಟು ತಿಳಿದ ಹುಡುಗನು ಯಾವ ಚಿತ್ರವನ್ನು ನೋಡಿದರೂ ಕೆಡಲಾರನು.