ವೇಷದ ಕುಂಚಿಗೆಗೆ ಅರಿವೆ

ವಾಚಕರು ಕ್ಷಮಿಸಬೇಕು. ಈ ತಿಂಗಳು ವ್ಯಾಕರಣದ ಮಾತನ್ನು ಬದಿಗಿಟ್ಟು ಜವಳಿ ಅಂಗಡಿಯ ವಿಷಯವನ್ನು ಎತ್ತಿಕೊಂಡಿದ್ದೇನೆ. ಅರವತ್ತರ ಅಂಚಿನಲ್ಲಿರುವ ಮಾಸ್ತರನಿಗೆ ಹೊಲಿಗೆಯ ಉಸಾಬರಿ ಏಕೆಂದು ನಗುವವರು ನಗಲಿ. ನನ್ನ ಮಟ್ಟಿಗೆ ಇದು ಒಂದು ಹಳೆಯ ಸಾಲದ ಲೆಕ್ಕವಾಗಿದೆ.

ನಮ್ಮ ಊರ ಮಕ್ಕಳು ಈ ವರ್ಷ ಪಾರಿಜಾತದ ಕಥೆಯನ್ನು ಆಡಿ ತೋರಿಸಬೇಕೆಂದು ನಿಶ್ಚಯಿಸಿದರು. ಕುಲಗೋಡದಲ್ಲಿ ಇದು ವಿಶೇಷವೇನಲ್ಲ. ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದ ಈ ಗ್ರಾಮದ ಹೆಸರನ್ನು ನಾಡು ಬಲ್ಲುದು ಶ್ರೀಕೃಷ್ಣ ಪಾರಿಜಾತದ ದೆಸೆಯಿಂದಲೇ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟಕ್ಕೆ ಹೊಂದಿಸಿ ಹಳ್ಳಿಹಳ್ಳಿಗೆ ಹಬ್ಬಿಸಿದ ಕೀರ್ತಿಯು ಕುಲಗೋಡ ತಮ್ಮಣ್ಣನದು. ನೆರೆಯ ಕೌಜಲಗಿಯ ನಿಂಗಮ್ಮನ ಹೆಸರನ್ನಂತೂ ಪಾರಿಜಾತ ಪ್ರಿಯರಿಗೆ ನೆನಪಿಸಬೇಕಾದುದಿಲ್ಲ. ಇಂಥ ಊರಿನಲ್ಲಿ ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರ ಪಾತ್ರಕ್ಕೆ ಮಕ್ಕಳ ನಡುವೆ ಎಷ್ಟು ಪೈಪೋಟಿಯೆಂಬುದನ್ನು ಊಹಿಸಬಹುದು. ಹತ್ತು ವರ್ಷದ ನನ್ನ ಮೊಮ್ಮಗಳಿಗೆ ಅವುಗಳಲ್ಲಿ ಒಂದೂ ದೊರೆಯಲಿಲ್ಲ. ಅವಳಿಗೆ ಬಂದುದು ಪಾರಿಜಾತದ ಗಿಡದ ಪಾತ್ರ! ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ತಾನಾಗಿಯೇ ಬಂದು, “ಅಜ್ಜಾ, ಗಿಡಕ್ಕ ಮಾತಿಲ್ಲ, ಖರೆ. ಆದರ ವೇಷಾ ಐತಿ” ಎಂದಳು.

ಆ ವೇಷವನ್ನು ಕಲ್ಪಿಸಿದವಳೂ ಅವಳೇ. ಹಿಮ್ಮಡದವರೆಗೆ ಇಳಿಯುವ ಬಿಳಿಯ ನಿಲುವಂಗಿ. ಅದಕ್ಕೆ ಕೂಡಿಕೊಂಡಿರುವ ತಲೆಮುಸುಕು. ಮುಸುಕಿನ ಒಳಮೈ ಕೇಸರಿ. ಮೊದಲು ಮುಸುಕನ್ನು ಹಣೆಯ ಮೇಲೆ ಎಳೆದುಕೊಂಡು ಮೊಗ್ಗಿನಂತೆ ನಿಲ್ಲಬೇಕು. ನಾರದನು ಬರುವ ಹೊತ್ತಿಗೆ ಅದನ್ನು ಹಿಂದಕ್ಕೆ ಸರಿಸಿದರೆ ಕೊರಳ ಸುತ್ತ ಕೇಸರಿಯು ಅರಳಬೇಕು. ಪಾರಿಜಾತದ ಹೂವನ್ನು ನೋಡಿದವರಿಗೆ ಇದರ ಔಚಿತ್ಯವು ತಿಳಿಯುವುದು: ಎಸಳು ಬಿಳಿದು, ತೊಟ್ಟು ಕೇಸರಿ, ಸಂಜೆಗೆ ಅರಳಿ ಬೆಳಗಿಗೆ ಉದುರುವಂಥದು. ಹಿಂದೆ ಆ ತೊಟ್ಟುಗಳನ್ನೇ ಒಣಗಿಸಿ ಕುದಿಸಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಚೆಲುವಾದ ಬಣ್ಣ, ಆದರೆ ಬಿಸಿಲಿಗೂ ಸಾಬೂನಿಗೂ ನಿಲ್ಲದು.

ಇಂಥ ಉಡುಪು ನಮಗೆ ಹೊಸತೆಂದು ತಿಳಿಯಬೇಡಿರಿ. ಕೂಸಿನ ತಲೆಯನ್ನೂ ಬೆನ್ನನ್ನೂ ಒಟ್ಟಿಗೆ ಮುಚ್ಚುವ ಕುಂಚಿಗೆಯನ್ನು ನಮ್ಮ ಕಡೆಯ ಯಾವ ಅಜ್ಜಿ ಹೊಲಿದಿಲ್ಲ? ಗುಳೇದಗುಡ್ಡದ ಖಣದಲ್ಲಿ ಉಳಿದ ತುಂಡು, ಹಳೆಯ ಇಳಕಲ್ಲ ಸೀರೆಯ ಸೆರಗು, ಇವೇ ಅದಕ್ಕೆ ಸಾಮಗ್ರಿ. ಒಂದು ಕುಂಚಿಗೆ ನಾಲ್ಕು ಕೂಸುಗಳ ತಲೆ ಕಾಯ್ದು ಐದನೆಯದಕ್ಕೆ ಸಿದ್ಧವಾಗಿರುತ್ತಿತ್ತು. ಮಳೆಗಾಲದಲ್ಲಿ ಕುರುಬರು ಕಂಬಳಿಯ ಮೂಲೆಯನ್ನು ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಳ್ಳುವುದೂ ಇದೇ ಜಾತಿಯದು. ಸಂಸ್ಕೃತ ಓದಿದವನಿಗೆ ಇಲ್ಲಿ ‘ಕಂಚುಕ’ ಶಬ್ದವು ನೆನಪಾಗಿ ನಾಲಿಗೆ ತುರಿಸುತ್ತದೆ. ನಿಲುವಂಗಿ ತೊಟ್ಟ ಅಂತಃಪುರದ ವೃದ್ಧನನ್ನು ನಾಟಕಗಳಲ್ಲಿ ಕಂಚುಕಿ ಎಂದೇ ಕರೆದಿದ್ದಾರೆ. ಆದರೆ ಕಂಚುಕಕ್ಕೂ ಕುಂಚಿಗೆಗೂ ಧ್ವನಿ ಹೋಲುತ್ತದೆಯೆಂಬ ಮಾತ್ರಕ್ಕೆ ನಂಟು ಕಟ್ಟುವುದು ಪಂಡಿತರ ಲಕ್ಷಣವಲ್ಲ. ಬಿಟ್ಟುಬಿಡೋಣ.

ಈಗ ಆ ಹಳೆಯ ಸಾಲದ ಮಾತು. ನಾನು ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳಿಂದ ಸೀತಾಪಹರಣದ ಆಟವನ್ನು ಆಡಿಸಿದೆನು. ಸನ್ಯಾಸಿಯ ವೇಷದಲ್ಲಿ ಬರುವ ರಾವಣನಿಗೆ ತಲೆಮುಸುಕಿನ ನಿಲುವಂಗಿ ಬೇಕೆಂದು ನನ್ನ ಹಟ. ಅದೂ ಮಖಮಲ್ಲಿನದೇ ಆಗಬೇಕು. ದೀಪದ ಬೆಳಕಿಗೆ ಮಿರಮಿರನೆ ಮಿಂಚಬೇಕು. ಕಾಷಾಯ ತೊಟ್ಟ ಸನ್ಯಾಸಿಗೆ ಮಖಮಲ್ಲು ಎಲ್ಲಿಂದ ಬಂತೆಂದು ನನ್ನನ್ನು ಕೇಳುವವರು ಅಂದು ಯಾರೂ ಇರಲಿಲ್ಲ. ಪಾತ್ರದ ಹುಡುಗನ ತಾಯಿ ಕಳೆ ಕೀಳುವ ಕೂಲಿಗೆ ಹೋಗುವವಳು. ಪಂಚಮಿಯ ಸೀರೆಗೆಂದು ಗಂಟು ಕಟ್ಟಿಟ್ಟಿದ್ದ ಹಣವನ್ನು ಬಿಚ್ಚಿ, ನಾನು ಹೇಳಿದ ಅರಿವೆಯನ್ನೇ ತಂದಳು. ಅದು ಹೆಸರಿಗೆ ಮಾತ್ರ ಮಖಮಲ್ಲು, ಎಳೆಯೆಲ್ಲ ನೈಲಾನು. ಮಾರ್ಚ್ ತಿಂಗಳ ಸೆಕೆ, ತಗಡಿನ ಚಪ್ಪರ, ಎದುರಿಗೆ ದೊಡ್ಡ ದೀಪಗಳು. ಅರ್ಧ ಆಟಕ್ಕೆ ಹುಡುಗನು ಬೆವತು ಬೆಳ್ಳಗಾಗಿ ಪರದೆಯ ಹಿಂದೆ ಕುಸಿದು ಕುಳಿತನು. ನೀರು ಚಿಮುಕಿಸಿ ಎಬ್ಬಿಸಿದೆವು. ಆಟ ಮುಗಿಯಿತು, ಚಪ್ಪಾಳೆಯೂ ಬಿತ್ತು.

ಕೆಲವು ತಿಂಗಳ ಮೇಲೆ ಆ ತಾಯಿಯು ದಾರಿಯಲ್ಲಿ ಸಿಕ್ಕಾಗ, ಆ ಅಂಗಿಯು ಏನಾಯಿತೆಂದು ಕೇಳಿದೆನು. ಆಕೆಯು ಸಿಟ್ಟಿಲ್ಲದೆ ಹೇಳಿದಳು: “ಬಿಚ್ಚಿ ಕೌದಿಗೆ ಹಚ್ಚೋಣಂದ್ರ ಕೌದಿಗೂ ಬರಲಿಲ್ಲರೀ ಗುರುಗಳ. ಸೂಜಿ ಜಾರತೈತಿ, ಬೆವರು ಹೀರೂದಿಲ್ಲ.” ಆ ವರ್ಷದ ಪಂಚಮಿಯಲ್ಲಿ ಆಕೆಯು ಹಳೆಯ ಸೀರೆಯಲ್ಲಿಯೇ ಜೋಕಾಲಿಯ ಬಳಿ ನಿಂತಿದ್ದುದನ್ನು ನಾನು ಕಂಡಿದ್ದೆನು. ಕಾರಣವು ಅಂದು ಹೊಳೆದಿರಲಿಲ್ಲ.

ಇದಕ್ಕಿಂತ ನಾಚಿಕೆಯ ಮಾತೆಂದರೆ, ಈ ವಿಷಯದಲ್ಲಿ ಭರತಮುನಿಯು ಎಚ್ಚರಿಸಿದ್ದನ್ನು ನಾನು ಓದಿಯೂ ಇದ್ದೆನು. ನಾಟ್ಯಶಾಸ್ತ್ರದಲ್ಲಿ ಆಹಾರ್ಯವನ್ನು, ಎಂದರೆ ವೇಷಭೂಷಣಗಳನ್ನು, ವಿವರಿಸುವಾಗ, ಭಾರವಾದ ಆಭರಣಗಳನ್ನು ನಟರ ಮೇಲೆ ಹೇರಬಾರದು, ಅವುಗಳಿಂದ ಆಯಾಸವೂ ಮೂರ್ಛೆಯೂ ಉಂಟಾದೀತು, ಅರಗಿನಿಂದ ಹಗುರವಾಗಿ ಮಾಡಿದವು ಸಾಕು ಎಂಬರ್ಥದ ಮಾತಿದೆ. ಒಡವೆಗೆ ಹೇಳಿದ್ದು ಅರಿವೆಗೆ ಸಲ್ಲದೆ? ಪರೀಕ್ಷೆಗೆಂದು ಕಂಠಪಾಠ ಮಾಡಿದ ವಿದ್ಯೆಯು ಅಂಗಡಿಯ ಕಟ್ಟೆಯನ್ನು ಹತ್ತುವಾಗ ಜೊತೆಗೆ ಬರಲಿಲ್ಲ.

ಆದುದರಿಂದ ಈ ಸಲ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಗೋಕಾಕದ ಪೇಟೆಗೆ ಹೊರಟಾಗ ಎರಡೇ ನಿಯಮಗಳನ್ನು ಹಾಕಿಕೊಂಡೆವು. ತೊಡುವ ಮಗುವಿಗೆ ಹಿತವಾಗಿರಬೇಕು; ಆಟ ಮುಗಿದ ಮೇಲೆ ಆ ಅರಿವೆಗೆ ಮನೆಯಲ್ಲಿ ಎರಡನೆಯ ಕೆಲಸವಿರಬೇಕು. ನೋಡುವವರ ಕಣ್ಣಿನ ಮಾತು ಆಮೇಲೆ.

ಅಂಗಡಿಯವರು ಮೊದಲು ಬಿಚ್ಚಿದ ತಾನು ಸ್ಯಾಟಿನ್. ಮೊಮ್ಮಗಳ ಕಣ್ಣು ಅಲ್ಲಿಯೇ ನೆಟ್ಟಿತು. ನಾನು ತಡೆಯದೆ, ಅದರ ತುದಿಯನ್ನು ಅವಳ ತಲೆಗೂ ಕಿವಿಗೂ ಸುತ್ತಿ ನೂರು ಎಣಿಸಲು ಹೇಳಿದೆನು. ಅರವತ್ತಕ್ಕೇ ಕಿತ್ತೊಗೆದಳು. ಅಂಥ ಅರಿವೆಯು ದೀಪದೆದುರು ಕನ್ನಡಿಯಂತೆ ಹೊಳೆದು ಹೊಲಿಗೆಯ ಪ್ರತಿಯೊಂದು ಸುಕ್ಕನ್ನೂ ಎತ್ತಿ ತೋರಿಸುವುದು ಬೇರೆ. ಮಲ್ಲು ತಂಪೇನೋ ಹೌದು. ಆದರೆ ಬೆನ್ನ ಹಿಂದೆ ದೀಪವಿದ್ದರೆ ಒಳಗಿನ ಅಂಗಿಯು ಕಾಣುತ್ತದೆ. ಮಂಜರಪಾಟವು ಬಲವಾದುದು, ಆದರೆ ಅದಕ್ಕೆ ಹಾಕಿರುವ ಗಂಜಿಯು ಹೋಗಿ ಮೆತ್ತಗಾಗಬೇಕಾದರೆ ನಾಲ್ಕಾರು ಒಗೆತ ಬೇಕು. ಖಾದಿಯ ಮೇಲೆ ನನಗೆ ಮೋಹವಿತ್ತು; ನಮ್ಮ ಜಿಲ್ಲೆಯ ಹುದಲಿಗೆ 1937ರಲ್ಲಿ ಗಾಂಧೀಜಿಯವರು ಬಂದು ತಂಗಿದ್ದರು, ಅಲ್ಲಿಯ ಖಾದಿಗೆ ಹೆಸರೂ ಇದೆ. ಆದರೆ ದಪ್ಪ ನೂಲಿನ ಖಾದಿಯು ಮುಸುಕಾದಾಗ ಕಿವಿಯನ್ನು ಮುಚ್ಚಿಬಿಡುವುದು. ನಾರದನ ಹಾಡಿನ ಎತ್ತುಗಡೆಯು ಕೇಳಿಸದಿದ್ದರೆ ಗಿಡವು ಅರಳುವುದು ಯಾವಾಗ?

ಕೊನೆಗೆ ಮನಸ್ಸು ನಿಂತದ್ದು ಹತ್ತಿಯ ಪಾಪ್ಲಿನ್ನಿನ ಮೇಲೆ. ಇಲ್ಲಿಯೇ ಮೋಸಕ್ಕೆ ಹೆಚ್ಚು ಎಡೆ. ಪಾಪ್ಲಿನ್ ಎಂಬುದು ನೇಯ್ಗೆಯ ಹೆಸರೇ ಹೊರತು ಎಳೆಯ ಹೆಸರಲ್ಲ. ಪಾಲಿಯೆಸ್ಟರ್ ಬೆರೆತುದನ್ನೂ ಅದೇ ಹೆಸರಿನಿಂದ ಮಾರುತ್ತಾರೆ. ಅಂಚಿನಿಂದ ನಾಲ್ಕು ಎಳೆ ಕಿತ್ತುಕೊಂಡು ಅಂಗಡಿಯ ಹೊರಗೆ ಕಡ್ಡಿ ಗೀರಿ ಸುಟ್ಟು ನೋಡಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುವುದು. ಬೆರಕೆಯಾದರೆ ತುದಿಯು ಕರಗಿ ಗಟ್ಟಿಯಾದ ಮಣಿಯಾಗುವುದು. ಹತ್ತಿಯೂ ಉರಿಯುವ ವಸ್ತುವೇ. ದೀಪದ ಹತ್ತಿರ ಯಾವ ನಿಲುವಂಗಿಯೂ ಸುರಕ್ಷಿತವಲ್ಲ. ಆದರೆ ಕರಗಿದ ನೈಲಾನು ಮೈಗೆ ಅಂಟಿಕೊಂಡು ಬೇಯಿಸುವುದು, ಕೀಳಲು ಬಾರದು. ನಾವು ರಂಗದ ಮೇಲೆ ಎಣ್ಣೆಯ ದೀಪವನ್ನೇ ಇಡಿಸಲಿಲ್ಲ.

ಮುಂದೆ ಗಂಜಿಯ ಪರೀಕ್ಷೆ. ಅರಿವೆಯ ಎರಡು ಪದರಗಳನ್ನು ಗಟ್ಟಿಯಾಗಿ ಉಜ್ಜಿದರೆ ಬಿಳಿಯ ಹುಡಿ ಉದುರಿತೆಂದರೆ, ನೀವು ಕೊಳ್ಳುತ್ತಿರುವುದರಲ್ಲಿ ಗಂಜಿಯ ಪಾಲೂ ಇದೆಯೆಂದು ತಿಳಿಯಬೇಕು. ಬೆಳಕಿಗೆ ಹಿಡಿದು ನೋಡಿದಾಗ ಎಳೆಗಳ ನಡುವೆ ಸಂದು ಕಾಣಬಾರದು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯು 1885ರಷ್ಟು ಹಿಂದೆಯೇ ಹುಟ್ಟಿಕೊಂಡಿತಾದ್ದರಿಂದ ಈ ಭಾಗದ ಹಿರಿಯರಿಗೆ ನೂಲಿನ ನಂಬರಿನ ಮಾತು ಹೊಸದಲ್ಲ. ನಂಬರು ಏರಿದಷ್ಟೂ ಎಳೆಯು ಸಣ್ಣದು. ಸಣ್ಣ ಎಳೆಯನ್ನು ಒತ್ತಾಗಿ ನೇಯ್ದುದೇ ಹಗುರವಾಗಿಯೂ ಮರೆಯಾಗಿಯೂ ಇರುವುದು. ಬಿಳುಪಿನಲ್ಲಿಯೂ ಭೇದವುಂಟು. ನೀಲಿಯ ಛಾಯೆಯ ಬಿಳುಪು ಇಂದಿನ ಎಲ್‌ಇಡಿ ದೀಪಕ್ಕೆ ಹೆಣದ ಬಟ್ಟೆಯಂತೆ ಕಾಣುವುದು. ಹಾಲಿನ ಬಿಳುಪೇ ಹೂವಿಗೆ ಹತ್ತಿರ. ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ನೋಡಿಯೇ ಆರಿಸಿದೆವು.

ಮುಸುಕಿನ ಒಳಗಿನ ಕೇಸರಿ ಅಸ್ತರದ್ದೇ ದೊಡ್ಡ ಪ್ರಸಂಗ. “ಪಕ್ಕಾ ಬಣ್ಣರೀ, ಗುರುಗಳ, ಜೀವಮಾನ ಹೋಗೂದಿಲ್ಲ” ಎಂದರು ಅಂಗಡಿಯವರು. ಸೊಸೆಯು ಮಾತನಾಡದೆ ತನ್ನ ಬಿಳಿಯ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಆ ಅರಿವೆಯ ಮೇಲೆ ಹತ್ತು ಸಲ ತಿಕ್ಕಿ ಗಲ್ಲೆಯ ಮೇಲೆ ಇಟ್ಟಳು. ಕರವಸ್ತ್ರವು ಕುಂಕುಮದ ಭರಣಿಯಾಗಿತ್ತು. ಬಿಳಿಯ ಕೊರಳಿಗೆ ಈ ಅಸ್ತರವನ್ನು ಹಚ್ಚಿದ್ದರೆ, ಒಂದೇ ಗಂಟೆಯ ಬೆವರಿಗೆ ನಮ್ಮ ಪಾರಿಜಾತವು ಮುತ್ತುಗದ ಹೂವಾಗುತ್ತಿತ್ತು! ಮೂರನೆಯ ತಾನು ಈ ಪರೀಕ್ಷೆಯಲ್ಲಿ ಪಾರಾಯಿತು. ಉಪ್ಪುನೀರಿನಲ್ಲಿ ನೆನೆಯಿಟ್ಟರೆ ಬಣ್ಣವು ನಿಲ್ಲುವುದೆಂದು ಅನೇಕರು ನಂಬಿದ್ದಾರೆ. ಸಡಿಲವಾದ ಬಣ್ಣವನ್ನು ಉಪ್ಪು ಕಟ್ಟಿಹಾಕಲಾರದು. ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯುವುದೇ ಉಪಾಯ.

ಎಷ್ಟು ಕೊಳ್ಳಬೇಕೆಂಬ ಲೆಕ್ಕವನ್ನು ಮನೆಯಲ್ಲಿಯೇ ಕಾಗದದ ಮೇಲೆ ಮಾಡಿಕೊಂಡು ಹೋಗಬೇಕು. ಅಂಗಡಿಯಲ್ಲಿ ಮಾಡುವ ಲೆಕ್ಕವು ಯಾವಾಗಲೂ ಅಂಗಡಿಯವರ ಲೆಕ್ಕವೇ. ನಮ್ಮ ಹುಡುಗಿಗೆ ಹೆಗಲಿನಿಂದ ಹಿಮ್ಮಡಕ್ಕೆ 44 ಇಂಚು. ಪನ್ನಾ 44 ಇಂಚಿನದಾದರೆ ಮುಂದಕ್ಕೊಂದು ಹಿಂದಕ್ಕೊಂದು ಉದ್ದ ಸಾಕು. ಮಡಿಕೆ ಹೊಲಿಗೆಗಳಿಗೆ ನಾಲ್ಕು ನಾಲ್ಕು ಇಂಚು ಸೇರಿಸಿ 96. ಎರಡು ತೋಳುಗಳನ್ನು ಪಕ್ಕಪಕ್ಕದಲ್ಲಿ ಕತ್ತರಿಸಲು 20. ಮುಸುಕಿನ ಎರಡು ಪಕ್ಕೆಗಳಿಗೆ 16. ಒಟ್ಟು 132 ಇಂಚು, ಎಂದರೆ ಹೆಚ್ಚುಕಡಿಮೆ 3.35 ಮೀಟರು. ಒಗೆದಾಗ ಜಗ್ಗಿಕೊಳ್ಳುವುದಕ್ಕೆ ಇಪ್ಪತ್ತರಲ್ಲೊಂದು ಪಾಲನ್ನು ಕೂಡಿಸಿ ಮೂರೂವರೆಯನ್ನು ದಾಟಿತು, 3.75 ಮೀಟರು ಹರಿಸಿದೆವು. ಅಸ್ತರಕ್ಕೆ ಅರ್ಧ ಮೀಟರು. ಮೀಟರಿನ ಕಾಯಿದೆಯು 1956ರಲ್ಲಿಯೇ ಬಂದಿದ್ದರೂ ನಮ್ಮ ಮನೆಗಳಲ್ಲಿ ಇನ್ನೂ ‘ವಾರ’ ಎನ್ನುವ ಹಿರಿಯರಿದ್ದಾರೆ. ವಾರಕ್ಕೆ 36 ಇಂಚು, ಮೀಟರಿಗೆ 39ಕ್ಕಿಂತ ತುಸು ಹೆಚ್ಚು. ಒಂದನ್ನು ಎಣಿಸಿ ಇನ್ನೊಂದನ್ನು ಕೊಂಡರೆ ಮೂರೂವರೆಯ ಮೇಲೆ ಹನ್ನೆರಡು ಇಂಚು ಕೊರತೆ ಬೀಳುವುದು. ಮುಸುಕೇ ಇಲ್ಲದ ಕುಂಚಿಗೆಯಾದೀತು.

ಹೊಲಿಗೆಯ ವಿಷಯವನ್ನು ಸೊಸೆಯೇ ಬರೆಯಬೇಕು. ನಾನು ಕಂಡದ್ದಿಷ್ಟು: ಅರಿವೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಇಟ್ಟಳು. ಅಂಚನ್ನು ಹಿಮ್ಮಡಕ್ಕಿಂತ ಎರಡು ಇಂಚು ಮೇಲೆಯೇ ನಿಲ್ಲಿಸಿದಳು. ಕೊರಳಿಗೆ ಲಾಡಿ ಕಟ್ಟದೆ, ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವ ಒತ್ತುಗುಂಡಿ ಹಚ್ಚಿದಳು. ಎಲ್ಲಿಯೂ ಅಗತ್ಯಕ್ಕಿಂತ ಹೆಚ್ಚು ಕತ್ತರಿಸಲಿಲ್ಲ; ಹೊಲಿಗೆ ಬಿಚ್ಚಿದರೆ ಎರಡು ದೊಡ್ಡ ತುಂಡುಗಳು ಇಡಿಯಾಗಿ ದೊರೆಯುವಂತಿದ್ದವು. ತಲೆದಿಂಬಿನ ನಾಲ್ಕು ಚೀಲ ಆಗುವುದೆಂದು ಅವಳ ಲೆಕ್ಕ. ಮುಸುಕನ್ನು ಮಾತ್ರ ಹಾಗೆಯೇ ಉಳಿಸಿ, ಎದುರುಮನೆಯಲ್ಲಿ ಬರಲಿರುವ ಕೂಸಿಗೆ ಕುಂಚಿಗೆ ಮಾಡಿಕೊಡುವುದೆಂದೂ ನಿಶ್ಚಯವಾಗಿತ್ತು.

ಆಟದ ರಾತ್ರಿ ಗಿಡವು ಮುಕ್ಕಾಲು ಗಂಟೆ ಅಲುಗಾಡದೆ ನಿಂತಿತು. ನಾರದನ ಹಾಡಿಗೆ ಸರಿಯಾಗಿ ಮುಸುಕು ಹಿಂದೆ ಸರಿಯಿತು, ಕೇಸರಿ ಅರಳಿತು. ಇಳಿದು ಬಂದೊಡನೆ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳ ಕೊರಳನ್ನು ಮುಟ್ಟಿ ನೋಡಿದ್ದು. ಬೆವರಿತ್ತು, ಆದರೆ ಅದನ್ನು ಅರಿವೆಯು ಹೀರಿಕೊಂಡಿತ್ತು. “ಯಾಕಜ್ಜಾ?” ಎಂದಳು. ಏನೂ ಇಲ್ಲವೆಂದೆನು.

ಆಟವಾಗಿ ಎರಡು ತಿಂಗಳಾಯಿತು. ಎದುರುಮನೆಯ ಕೂಸು ಹುಟ್ಟಿ ಹನ್ನೆರಡು ದಿನಗಳಾದವು. ನಿಲುವಂಗಿಯು ಇನ್ನೂ ಇಡಿಯಾಗಿಯೇ ಇದೆ. ಬಿಚ್ಚಲು ಮೊಮ್ಮಗಳು ಒಪ್ಪಿಲ್ಲ. ಸೊಸೆಯ ಕತ್ತರಿಯನ್ನು ಎಲ್ಲಿ ಬಚ್ಚಿಟ್ಟಿದ್ದಾಳೆಂಬುದು ನನಗೆ ಗೊತ್ತು. ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ.