ತಾನೇ ಗೆರೆ ಬರೆಯುವ ಬಿರುಕು

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ಬಡಿದು ನೋಡುತ್ತಾರಲ್ಲ, ಮಕ್ಕಳೇ? ‘ಟಣ್’ ಎಂದರೆ ಗಟ್ಟಿ, ‘ಬದ್’ ಎಂದರೆ ಬಿರುಕು.

ಕಬ್ಬಿಣದ ಬೆಸುಗೆಯನ್ನೂ ಹೀಗೆ ಒಡೆಯದೆಯೇ ಪರೀಕ್ಷಿಸಬೇಕು. ಕೂದಲೆಳೆಯಂಥ ಬಿರುಕು ಕಣ್ಣಿಗೆ ಕಾಣದು; ಭಾರ ಬಿದ್ದಂತೆಲ್ಲ ಬೆಳೆದು ಒಂದು ದಿನ ಬೆಸುಗೆಯೇ ತುಂಡಾಗುತ್ತದೆ.

ಹಿಂದೆ ರೈಲ್ವೆ ಕಾರ್ಖಾನೆಗಳಲ್ಲಿ ಗಾಲಿಯ ಅಚ್ಚನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುತ್ತಿದ್ದರು. ಬಿರುಕಿನಲ್ಲಿ ಅಡಗಿದ ಎಣ್ಣೆ ಜಿನುಗಿ ಕಲೆ ಮೂಡುತ್ತಿತ್ತು. ಈಗ ಬೆಸುಗೆಗೆ ಕೆಂಪು ದ್ರವ ಹಚ್ಚಿ, ಸುಮಾರು 10 ನಿಮಿಷ ಕಾದು, ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿದ್ದರೆ ತಾನೇ ಕೆಂಪು ಗೆರೆ ಬರೆದು ತೋರಿಸುತ್ತದೆ!

ಒಳಗೇ ಹುದುಗಿದ ಬಿರುಕು ಮಾತ್ರ ಇದಕ್ಕೆ ಸಿಗದು. ಅದಕ್ಕೆ ಕಿವಿಗೆ ಕೇಳದ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುತ್ತಾರೆ. ರೈಲು ಹಳಿಯ ಮೇಲೆ ಪುಟ್ಟ ಯಂತ್ರದ ಗಾಡಿ ತಳ್ಳುತ್ತ ನಡೆಯುವವರು ಹುಡುಕುವುದು ಅದನ್ನೇ.